ಚೀನಾದ ಡಾಂಗ್ ಗುಯಿ ಬೇರನ್ನು ಹೇಗೆ ಬೆಳೆಯುತ್ತಾರೆ? ಒಳ್ಳೆಯದನ್ನು ಗುರುತಿಸುವುದು ಹೇಗೆ?

ಡಾಂಗ್ ಗುಯಿ ಎಂದರೆ ಚೀನೀ ಔಷಧಿಯಲ್ಲಿ ಬಳಸುವ ಒಂದು ಗಿಡದ ಬೇರು. ಅದಕ್ಕೆ ಹೆಸರಾದ ಜಾಗ ಗಾನ್ಸು ಪ್ರಾಂತ್ಯದ ಮಿನ್ ಕೌಂಟಿ. 2,000 ಮೀಟರಿಗೂ ಎತ್ತರದ ತಂಪು ನೆಲ. ಮೊದಲ ವರ್ಷ ಸಸಿ ಬೆಳೆಸಿ, ಚಳಿಗಾಲಕ್ಕೆ ಕಿತ್ತು ಜೋಪಾನ ಮಾಡುತ್ತಾರೆ. ಮರುವರ್ಷ ವಸಂತದಲ್ಲಿ ನೆಟ್ಟು, ಅಕ್ಟೋಬರ್ ಹೊತ್ತಿಗೆ ಅಗೆಯುತ್ತಾರೆ. ದೊಡ್ಡ ತಲೆನೋವು ಎಂದರೆ ಗಿಡ ಬೇಗ ಹೂವಿಗೆ ಬರುವುದು. ಆಗ ಬೇರು ಕಟ್ಟಿಗೆಯಂತಾಗುತ್ತದೆ, ಔಷಧಿಗೆ ಬರುವುದಿಲ್ಲ. ಸಸಿ ತೀರಾ ದಪ್ಪವಿದ್ದರೆ ಈ ಕಾಟ ಜಾಸ್ತಿ.

ಕೊಳ್ಳುವಾಗ ಮೊದಲು ಮೂಸಿ ನೋಡಿ, ಘಮ ಗಾಢವಾಗಿರಬೇಕು. ತಾಯಿಬೇರು ದಪ್ಪ, ಕತ್ತರಿಸಿದರೆ ಒಳಗೆ ಹಳದಿ ಮಿಶ್ರಿತ ಬಿಳುಪು, ಎಣ್ಣೆಯ ಪಸೆ. ಒಣಗಿ ಪಸೆಯೇ ಇಲ್ಲದ್ದು, ಒಳಗೆ ಹಸಿರುಗಂದು ಬಣ್ಣದ್ದು ಬೇಡ. ತೀರಾ ಬೆಳ್ಳಗಿದ್ದರೆ ಗಂಧಕದ ಹೊಗೆ ಕೊಟ್ಟಿರಬಹುದು. ಚೀನಾದ ಔಷಧಕೋಶದ (ಔಷಧಿಗಳ ಗುಣಮಟ್ಟ ಹೇಳುವ ಅಧಿಕೃತ ಗ್ರಂಥ) ಪ್ರಕಾರ ಬೇರಿನಲ್ಲಿ ಫೆರುಲಿಕ್ ಆಮ್ಲ ಎಂಬ ಅಂಶ ಕನಿಷ್ಠ 0.050% ಇರಬೇಕು, ಅದಕ್ಕೆ ಲ್ಯಾಬ್ ಪರೀಕ್ಷೆಯೇ ಆಗಬೇಕು. ರಕ್ತ ತೆಳುಮಾಡುವ ವಾರ್ಫರಿನ್ ತಗೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬೇಡಿ.