ಎಸಿಗೆ ಇದ್ದ ದುಡ್ಡು ಮೇಷ್ಟ್ರಿಗೆ ಏಕಿಲ್ಲ?

ಅಮೆರಿಕದ ಡೆಟ್ರಾಯಿಟ್ ಹೊರವಲಯದಲ್ಲಿ ನೆಲೆಸಿರುವ ಓದುಗರೊಬ್ಬರು ಕೇಳಿದ್ದಾರೆ: 'ಕೋವಿಡ್ ಪರಿಹಾರವೆಂದು ಶಾಲೆಗಳಿಗೆ ಫೆಡರಲ್ ಸರ್ಕಾರ ರಾಶಿ ಹಣ ಕೊಟ್ಟಿತಂತೆ. ಮಗಳ ಶಾಲೆಗೆ ಹೊಸ ಎಸಿ ಬಂತು. ಗಣಿತದಲ್ಲಿ ಹಿಂದುಳಿದವರಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿಯನ್ನು ಮಾತ್ರ 2024ರಲ್ಲಿ ತೆಗೆದರು. ಡೆಟ್ರಾಯಿಟ್ ನಗರಕ್ಕೆ ಅಷ್ಟೊಂದು ಸಿಕ್ಕು, ನಮಗೆ ಚೂರೇ ಸಿಕ್ಕಿದ್ದೇಕೆ?'

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಎಸ್ಸರ್ ಎಂಬ ಈ ನಿಧಿ ಮೂರು ಕಂತುಗಳಲ್ಲಿ ಬಂತು: 2020ರ ಮಾರ್ಚ್‌ನಲ್ಲಿ ಸುಮಾರು 13 ಬಿಲಿಯನ್ ಡಾಲರ್, ಅದೇ ಡಿಸೆಂಬರ್‌ನಲ್ಲಿ 54, 2021ರ ಮಾರ್ಚ್‌ನಲ್ಲಿ 122. ಪ್ರತಿ ಕಂತಿನಲ್ಲೂ ರಾಜ್ಯಗಳು ಕನಿಷ್ಠ ಶೇ 90ನ್ನು ಶಾಲಾ ಡಿಸ್ಟ್ರಿಕ್ಟ್‌ಗಳಿಗೆ, ಅಂದರೆ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳಿಗೆ, ದಾಟಿಸಬೇಕಿತ್ತು. ಹಂಚಿಕೆ ನಡೆದದ್ದು ಮಕ್ಕಳ ತಲೆ ಎಣಿಸಿ ಅಲ್ಲ, ಬಡ ಮಕ್ಕಳ ಲೆಕ್ಕ ಹಿಡಿದು ಕೊಡುವ 'ಟೈಟಲ್ ಒನ್' ಅನುದಾನದ ಪ್ರಮಾಣದಲ್ಲಿ. ಹಾಗಾಗಿ ಡೆಟ್ರಾಯಿಟ್‌ಗೆ ಸುಮಾರು 1.27 ಬಿಲಿಯನ್, ಉಳ್ಳವರ ಬಡಾವಣೆಗೆ ಪುಡಿಗಾಸು.

ಇನ್ನು ಶಿಕ್ಷಕಿಯ ವಿಷಯ. ಡಿಸ್ಟ್ರಿಕ್ಟ್ ಕೈಗೆ ಗಂಟು ಬಂದು ಬೀಳಲಿಲ್ಲ. ಮೊದಲು ತಾನು ಖರ್ಚು ಮಾಡಿ, ಬಿಲ್ಲು ತೋರಿಸಿ, ರಾಜ್ಯದಿಂದ ವಾಪಸ್ ಪಡೆಯುವುದೇ ಸಾಮಾನ್ಯ ಪದ್ಧತಿ. ಮೂರನೇ ಕಂತಿನ ಹಣವನ್ನು 2024ರ ಸೆಪ್ಟೆಂಬರ್ 30ರೊಳಗೆ 'ಆಬ್ಲಿಗೇಟ್' ಮಾಡಬೇಕಿತ್ತು, ಅಂದರೆ ಖರ್ಚಿಗೆ ಕಾನೂನುಬದ್ಧವಾಗಿ ಬದ್ಧವಾಗಬೇಕಿತ್ತು. ತೊಡಕಿರುವುದೇ ಇಲ್ಲಿ. ಕಟ್ಟಡ ಕೆಲಸವಾದರೆ ಗುತ್ತಿಗೆಗೆ ಸಹಿ ಬಿದ್ದ ದಿನವೇ ಹಣ ಬದ್ಧ. ಯಂತ್ರ ಆಮೇಲೆ ಬಂದರೂ ನಡೆಯುತ್ತದೆ, ಪಾವತಿಗೆ ಆ ಗಡುವಿನಿಂದಾಚೆಗೆ ಮತ್ತೆ 120 ದಿನ. ನೌಕರರ ಸಂಬಳ ಹಾಗಲ್ಲ: ಪಾಠ ಮಾಡಿದ ದಿನವಷ್ಟೇ ಆ ದಿನದ ಸಂಬಳ ಬದ್ಧ. ಅಕ್ಟೋಬರ್ 1ರ ಪಾಠಕ್ಕೆ ಆಗಸ್ಟ್‌ನಲ್ಲೇ ನೇಮಕಾತಿ ಪತ್ರ ಕೊಟ್ಟಿದ್ದರೂ ಈ ನಿಧಿಯಿಂದ ಪೈಸೆ ಸಿಗದು. ಅದೇ ಪಾಠವನ್ನು ಹೊರಗಿನ ಟ್ಯೂಷನ್ ಕಂಪನಿಗೆ ಗುತ್ತಿಗೆ ಕೊಟ್ಟಿದ್ದರೆ ಸಹಿಯ ದಿನಾಂಕ ಸಾಕಿತ್ತು! ಕಾಯಂ ಖರ್ಚಿಗೆ ತಾತ್ಕಾಲಿಕ ಹಣ ಹಾಕಿದರೆ ಹೀಗೇ ಆಗುತ್ತದೆ. ಡೆಟ್ರಾಯಿಟ್ ಸುಮಾರು 700 ಮಿಲಿಯನ್ ಡಾಲರನ್ನು ಕಟ್ಟಡಗಳಿಗೆ ತೆಗೆದಿಟ್ಟದ್ದು ಜಾಣತನವೆಂದೇ ನಮ್ಮ ಎಣಿಕೆ.

ಹಾಗೆಂದು ಎಸಿ ಸಲೀಸೇನಲ್ಲ. ಕಟ್ಟಡ ಕೆಲಸಕ್ಕೆ ರಾಜ್ಯದ ಮುಂಗಡ ಒಪ್ಪಿಗೆ ಬೇಕು. 2,000 ಡಾಲರ್ ಮೀರಿದ ಗುತ್ತಿಗೆಯಲ್ಲಿ ಕೂಲಿಯೂ ಫೆಡರಲ್ ದರದಲ್ಲೇ ಇರಬೇಕು. ಮೂರನೇ ಕಂತಿನಲ್ಲಿ ಶೇ 20ನ್ನು ಕಲಿಕೆಯ ನಷ್ಟ ತುಂಬಲೆಂದೇ ಮೀಸಲಿಡಬೇಕಿತ್ತು. ಪಾವತಿಯ ಗಡುವು ವಿಸ್ತರಣೆ ಪಡೆದವರಿಗೂ 2025ರ ಮಾರ್ಚ್ 28ರಂದು ಫೆಡರಲ್ ಶಿಕ್ಷಣ ಇಲಾಖೆ ಏಕಾಏಕಿ 'ವಿಸ್ತರಣೆ ರದ್ದು' ಎಂದಿತು. ಸಹಿ ಹಾಕಿ ಕೆಲಸ ಮಾಡಿಸುತ್ತಿದ್ದವರು ಸಿಕ್ಕಿಬಿದ್ದರು, ಹಲವು ರಾಜ್ಯಗಳು ಕೋರ್ಟ್‌ಗೆ ಹೋದವು.

ನಿಮ್ಮ ಡಿಸ್ಟ್ರಿಕ್ಟ್‌ನ ಶಾಲಾ ಬೋರ್ಡ್ ಸಭೆಯಲ್ಲಿ 'ಹಣ ಎಲ್ಲಿ ಹೋಯ್ತು' ಎಂದು ಕೇಳಿದರೆ ಹಾರಿಕೆಯ ಉತ್ತರ ಬರುತ್ತದೆ. ಬದಲಿಗೆ ಮೂರನ್ನು ಕೇಳಿ: ಆ ಶೇ 20 ಯಾವ ಬಾಬತ್ತಿಗೆ ಹೋಯಿತು, ಎಸಿ ಗುತ್ತಿಗೆಗೆ ಸಹಿ ಬಿದ್ದದ್ದು ಯಾವ ದಿನ, ಶಿಕ್ಷಕಿಯ ಹುದ್ದೆಯನ್ನು ಡಿಸ್ಟ್ರಿಕ್ಟ್‌ನ ಸಾಮಾನ್ಯ ನಿಧಿಗೆ ಸರಿಸುವ ಪ್ರಸ್ತಾವ ಬಜೆಟ್‌ನಲ್ಲಿ ಎಂದಾದರೂ ಇತ್ತೇ.