ಡೊಮಿನಿಕಾ ಬಗ್ಗೆ ನೀವು ಕೇಳಿದ್ದು: ಕುದಿಯುವ ಕೆರೆ, ಗುಳ್ಳೆ ಏಳುವ ಕಡಲು, ತಿಮಿಂಗಿಲಗಳ ಊರು

ಕೆರಿಬಿಯನ್ ದ್ವೀಪಗಳ ಬಗ್ಗೆ ಬಂದ ಪತ್ರಗಳಲ್ಲಿ ಡೊಮಿನಿಕಾದ ಹೆಸರು ಮತ್ತೆ ಮತ್ತೆ ಕಾಣಿಸಿತು. ನನಗೆ ತುಂಬಾ ಖುಷಿಯಾಯಿತು, ಯಾಕಂದ್ರೆ ಆ ಕಡೆಯ ದ್ವೀಪಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಡೊಮಿನಿಕಾ ಮತ್ತು ಡೊಮಿನಿಕನ್ ರಿಪಬ್ಲಿಕ್ ಎರಡೂ ಒಂದೇನಾ? ಟಿಕೆಟ್ ಹುಡುಕಿದರೆ ಎರಡೂ ಬರುತ್ತವೆ.

ಬೇರೆ ಬೇರೆ ದೇಶಗಳು. ಡೊಮಿನಿಕನ್ ರಿಪಬ್ಲಿಕ್ ದೊಡ್ಡದು, ಅಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ, ಹೈಟಿ ದೇಶದ ಜೊತೆ ಒಂದೇ ದ್ವೀಪ ಹಂಚಿಕೊಂಡಿದೆ. ಡೊಮಿನಿಕಾ ಬರೀ 750 ಚದರ ಕಿಲೋಮೀಟರ್‌ನಷ್ಟು ಇರುವ ಪುಟ್ಟ ದೇಶ. ಗ್ವಾಡೆಲೂಪ್ ಮತ್ತು ಮಾರ್ಟಿನಿಕ್ ದ್ವೀಪಗಳ ನಡುವೆ ಇದೆ. ಜನಸಂಖ್ಯೆ ಸುಮಾರು 70 ಸಾವಿರ. 1978ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಸಿಕ್ಕಿತು. ಆಡಳಿತ ಭಾಷೆ ಇಂಗ್ಲಿಷ್, ಮನೆಯಲ್ಲಿ, ಸಂತೆಯಲ್ಲಿ ಫ್ರೆಂಚ್ ಬೆರೆತ ಕ್ರಿಯೋಲ್ ಭಾಷೆ ಕೇಳಿಸುತ್ತದೆ. ಟಿಕೆಟ್ ಮೇಲೆ ಪುಂಟಾ ಕಾನಾ ಅಥವಾ ಸ್ಯಾಂಟೊ ಡೊಮಿಂಗೊ ಅಂತ ಇದ್ದರೆ ಅದು ಬೇರೆ ದೇಶದ್ದು, ತಗೋಬೇಡಿ. ನಿಮಗೆ ಬೇಕಾಗಿರುವುದು ಡಗ್ಲಸ್-ಚಾರ್ಲ್ಸ್ ವಿಮಾನ ನಿಲ್ದಾಣ.

ಪ್ರಶ್ನೆ: ಬೀಚ್ ಹೇಗಿದೆ? ಬಿಳಿ ಮರಳು, ನೀಲಿ ನೀರು ಇದೆಯಾ?

ನೇರವಾಗಿ ಹೇಳಿಬಿಡುತ್ತೇನೆ. ಇಡೀ ದಿನ ಬಿಳಿ ಮರಳ ಮೇಲೆ ಮಲಗಬೇಕು ಅಂತಿದ್ದರೆ ಬೇರೆ ದ್ವೀಪ ನೋಡಿ. ಇಲ್ಲಿನ ಮರಳು ಬಹುಪಾಲು ಕಪ್ಪು ಇಲ್ಲವೇ ಬೂದು ಬಣ್ಣ, ಜ್ವಾಲಾಮುಖಿಯ ಕಲ್ಲು ಸವೆದು ಆದದ್ದು. ಮಧ್ಯಾಹ್ನದ ಬಿಸಿಲಿಗೆ ಬರಿಗಾಲು ಇಡೋಕಾಗಲ್ಲ. ಮೀರೊ, ಬಾಟಿಬು ಅಂತ ಚೆಂದದ ಬೀಚುಗಳಿವೆ, ಇಲ್ಲ ಅಂತಲ್ಲ. ಆದರೆ ಅಷ್ಟಕ್ಕೇ ಅಷ್ಟು ದೂರ ಹೋಗೋದು ಬೇಡ.

ಡೊಮಿನಿಕಾಗೆ ಹೋಗಬೇಕಾದದ್ದು ಅದರ ಒಳಭಾಗಕ್ಕೆ. ಇಷ್ಟು ಚಿಕ್ಕ ಜಾಗದಲ್ಲಿ ಒಂಬತ್ತು ಜ್ವಾಲಾಮುಖಿಗಳಿವೆ, ಯಾವುದೂ ಪೂರ್ತಿ ಸತ್ತಿಲ್ಲ. ಅತಿ ಎತ್ತರದ ಮೋರ್ನ್ ಡಯಾಬ್ಲೊಟಿನ್ 1,447 ಮೀಟರ್ ಇದೆ. ಸಾಗರದಿಂದ ಬರುವ ಮೋಡ ಈ ಬೆಟ್ಟಗಳಿಗೆ ತಗುಲಿ ಸುರಿಯುತ್ತಲೇ ಇರುತ್ತದೆ, ಅದಕ್ಕೇ ಅಲ್ಲಿನವರು ವರ್ಷದ ದಿನಕ್ಕೊಂದರಂತೆ 365 ನದಿಗಳಿವೆ ಅನ್ನುತ್ತಾರೆ. ಕೆಳಗೆ ಬೆಂಕಿ, ಮೇಲಿಂದ ಮಳೆ. ಅಲ್ಲಿ ನೋಡೋಕೆ ಸಿಗುವ ಹೆಚ್ಚಿನದೆಲ್ಲ ಇವೆರಡು ಸೇರಿ ಆದದ್ದು.

ಪ್ರಶ್ನೆ: ಕುದಿಯುವ ಕೆರೆ ನಿಜವಾಗಿ ಕುದಿಯುತ್ತಾ? ನಡಿಗೆ ಎಷ್ಟು ಕಷ್ಟ?

ನಿಜವಾಗಿಯೂ ಕುದಿಯುತ್ತದೆ. ಬಾಯ್ಲಿಂಗ್ ಲೇಕ್ ಸುಮಾರು 60 ಮೀಟರ್ ಅಗಲದ ಕೆರೆ. ಅಂಚಿನ ನೀರನ್ನೇ ಅಳೆದಾಗ 82ರಿಂದ 92 ಡಿಗ್ರಿ ಸೆಲ್ಸಿಯಸ್ ಇತ್ತು. ನಡುವೆ ಬೂದು-ನೀಲಿ ನೀರು ಗುಡ್ಡೆಯಾಗಿ ಉಕ್ಕುತ್ತಲೇ ಇರುತ್ತದೆ. ಕೆಳಗೆ ನೆಲದೊಳಗಿಂದ ಬಿಸಿ ಅನಿಲ ನುಗ್ಗುವ ಬಾಯಿ ಇದೆ, ಮಳೆ ಮತ್ತು ಸಣ್ಣ ತೊರೆಗಳ ನೀರು ಅದರ ಮೇಲೆ ನಿಂತಿದೆ. ಅನಿಲದ ಒತ್ತಡ ತಪ್ಪಿದರೆ ಕೆರೆಯೂ ತಪ್ಪುತ್ತದೆ. 2004ರ ಕೊನೆಯಲ್ಲಿ ನೀರು ಹಠಾತ್ತಾಗಿ ಇಳಿದುಹೋಗಿತ್ತು, ಮುಂದಿನ ವರ್ಷ ಮತ್ತೆ ತುಂಬಿತು.

ನಡಿಗೆ ಶುರುವಾಗುವುದು ಲೌಡಾ ಹಳ್ಳಿಯ ಹತ್ತಿರ, ಟಿಟು ಗಾರ್ಜ್ ಎಂಬ ಕಿರಿದಾದ ಕಲ್ಲು ಕೊರಕಲಿನ ಪಕ್ಕದಿಂದ. ಹೋಗಿ ಬರೋಕೆ ಆರು ಗಂಟೆಯಾದರೂ ಬೇಕು, ನಿಧಾನದವರಿಗೆ ಇನ್ನೂ ಜಾಸ್ತಿ. ಮೊದಲು ದಟ್ಟ ಮಳೆಕಾಡು. ಆಮೇಲೆ ಬ್ರೇಕ್‌ಫಾಸ್ಟ್ ರಿವರ್, ಬಾಟಲಿ ತುಂಬಿಸಿಕೊಳ್ಳುವ ಜಾಗ. ಅಲ್ಲಿಂದ ಮೋರ್ನ್ ನಿಕೋಲ್ಸ್ ನೆತ್ತಿಗೆ ಏರಬೇಕು. ದಾರಿಯುದ್ದಕ್ಕೂ ಮರದ ತುಂಡು ಅಡ್ಡ ಇಟ್ಟು ಮೆಟ್ಟಿಲು ಮಾಡಿದ್ದಾರೆ, ಒಂದೊಂದು ಮೆಟ್ಟಿಲು ಮೊಣಕಾಲೆತ್ತರ, ಮೇಲೆ ಪಾಚಿ, ನಡುವೆ ಕೆಸರು, ಹಾಗಾಗಿ ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ತೊಡೆ ನಡುಗುತ್ತದೆ. ನೆತ್ತಿ ದಾಟಿ ಕಡಿದಾಗಿ ಇಳಿದರೆ ವ್ಯಾಲಿ ಆಫ್ ಡೆಸೊಲೇಷನ್. ಅಷ್ಟು ಹೊತ್ತು ಜೊತೆಗಿದ್ದ ಹಸಿರು ಅಲ್ಲಿ ಥಟ್ಟನೆ ನಿಂತುಹೋಗುತ್ತದೆ. ಬರೀ ಹಳದಿ ಗಂಧಕ, ಬಿಳಿ ಬೂದಿಯಂಥ ಮಣ್ಣು, ಕೊಳೆತ ಮೊಟ್ಟೆಯ ವಾಸನೆ, ಹಾಲಿನ ಬಣ್ಣದ ಬಿಸಿ ತೊರೆ, ಬುಸುಗುಡುವ ತೂತುಗಳು. ಕೆಲವು ಕಡೆ ಮೇಲಿನ ಮಣ್ಣಿನ ಪದರ ತೆಳುವಾಗಿದ್ದು ಅಡಿಯಲ್ಲಿ ನೀರು ಕುದಿಯುತ್ತಿರುತ್ತದೆ. 1880ರಲ್ಲಿ ಇದೇ ಕಣಿವೆ ಸಿಡಿದು ರಾಜಧಾನಿ ರೋಸೊವರೆಗೆ ಬೂದಿ ಬಿದ್ದಿತ್ತು.

ದಯವಿಟ್ಟು ಗೈಡ್ ಇಲ್ಲದೆ ಹೋಗಬೇಡಿ. ಮಂಜು ಇಳಿದರೆ ದಾರಿ ಕಾಣಲ್ಲ, ಕಾಲು ಎಲ್ಲಿಡಬೇಕು ಅನ್ನೋದು ಅವರಿಗಷ್ಟೇ ಗೊತ್ತು. ಬೆಳಿಗ್ಗೆ ಬೇಗ ಹೊರಡಿ. ಹಿಡಿತ ಇರುವ ಶೂ, ಮಳೆ ಕೋಟು, ನೀರು, ಊಟ ಇರಲಿ. ವಾಪಸ್ ಬಂದ ಮೇಲೆ ಟಿಟು ಗಾರ್ಜ್‌ನ ತಣ್ಣೀರಿಗೆ ಇಳಿಯಿರಿ. ಎರಡು ಕಡೆ ಕಲ್ಲಿನ ಗೋಡೆ, ನೆತ್ತಿಯ ಮೇಲೆ ಸೀಳಿನಷ್ಟು ಬೆಳಕು, ಈಜುತ್ತಾ ಒಳಗೆ ಹೋದರೆ ಕೊನೆಯಲ್ಲಿ ಒಂದು ಜಲಪಾತ. ಜೋರು ಮಳೆ ಇದ್ದ ದಿನ ಮಾತ್ರ ಅದು ಬೇಡ, ನೀರು ಒಮ್ಮೆಗೇ ಏರುತ್ತದೆ.

ಪ್ರಶ್ನೆ: ಅಲ್ಲಿಗೆ ಕೇಬಲ್ ಕಾರ್ ಬರುತ್ತಂತಲ್ಲ? ಅಲ್ಲಿವರೆಗೆ ಕಾಯೋದಾ?

ಕೇಬಲ್ ಕಾರ್ ಕಟ್ಟುವ ಕೆಲಸ ಶುರುವಾಗಿದ್ದು ನಿಜ. ಮಂಡಿನೋವು ಇರುವವರು, ವಯಸ್ಸಾದವರು ಕೆರೆ ನೋಡೋಕೆ ಅದು ದೊಡ್ಡ ಅನುಕೂಲ. ನಿಮಗೆ ನಡೆಯುವ ಶಕ್ತಿ ಇದ್ದರೆ ನಡೆದೇ ಹೋಗಿ. ಆ ಕಣಿವೆ ದಾಟದೆ ಕೆರೆಯನ್ನಷ್ಟೇ ನೋಡಿದರೆ ಅರ್ಧ ನೋಡಿದಂತೆ ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಜೊತೆಗೆ ಅಮ್ಮ ಮತ್ತು ಸಣ್ಣ ಮಗು ಇದ್ದಾರೆ. ಟ್ರೆಕ್ಕಿಂಗ್ ಆಗಲ್ಲ. ನಮಗೆ ಏನಾದರೂ ಇದೆಯಾ?

ಧಾರಾಳವಾಗಿ ಇದೆ. ಎಮರಾಲ್ಡ್ ಪೂಲ್‌ಗೆ ರಸ್ತೆಯಿಂದ ಸ್ವಲ್ಪವೇ ನಡಿಗೆ, ಕಾಡಿನ ನಡುವೆ ಹಸಿರು ನೀರಿನ ಗುಂಡಿ, ಅದಕ್ಕೆ ಬೀಳುವ ಪುಟ್ಟ ಜಲಪಾತ. ಟ್ರಫಾಲ್ಗರ್ ಫಾಲ್ಸ್‌ನಲ್ಲಿ ಎರಡು ಜಲಪಾತಗಳು ಅಕ್ಕಪಕ್ಕ ಬೀಳುತ್ತವೆ, ಎತ್ತರದ್ದನ್ನು ಅಪ್ಪ, ಇನ್ನೊಂದನ್ನು ಅಮ್ಮ ಅಂತ ಕರೆಯುತ್ತಾರೆ. ನೋಡುವ ಕಟ್ಟೆಯವರೆಗೆ ದಾರಿ ಸುಲಭ, ಅದರಾಚೆಯ ಬಂಡೆಗಳು ತುಂಬಾ ಜಾರುತ್ತವೆ, ಅಮ್ಮನವರು ಕಟ್ಟೆಯಲ್ಲೇ ಕೂರಲಿ. ಹತ್ತಿರದ ವಾಟನ್ ವೇವನ್ ಹಳ್ಳಿಯಲ್ಲಿ ನೆಲದ ಬಿಸಿನೀರನ್ನೇ ತೊಟ್ಟಿಗೆ ಬಿಟ್ಟುಕೊಂಡ ಸ್ನಾನದ ಜಾಗಗಳಿವೆ.

ಉತ್ತರದ ಪೋರ್ಟ್ಸ್‌ಮತ್ ಊರಲ್ಲಿ ಇಂಡಿಯನ್ ರಿವರ್ ದೋಣಿ ಪಯಣ ಬಿಡಬೇಡಿ. ಮೋಟಾರ್ ಹಾಕೋ ಹಾಗಿಲ್ಲ, ಅಂಬಿಗರು ಹುಟ್ಟು ಹಾಕಿಯೇ ಕರೆದೊಯ್ಯುತ್ತಾರೆ. ದಡದ ಮರಗಳ ಬೇರುಗಳು ಹಲಗೆಯಂತೆ ಚಪ್ಪಟೆಯಾಗಿ, ಸುತ್ತಿಕೊಂಡು ನೀರಿಗೆ ಇಳಿದಿರುತ್ತವೆ. ಮಗುವಿಗೆ ಏಡಿ, ಕೊಕ್ಕರೆ ತೋರಿಸಬಹುದು. ಪಕ್ಕದಲ್ಲೇ ಕ್ಯಾಬ್ರಿಟ್ಸ್ ರಾಷ್ಟ್ರೀಯ ಉದ್ಯಾನ, ಅಲ್ಲಿ ಬ್ರಿಟಿಷರ ಕಾಲದ ಫೋರ್ಟ್ ಶರ್ಲಿ ಕೋಟೆ ಇದೆ.

ಪ್ರಶ್ನೆ: ಶಾಂಪೇನ್ ರೀಫ್ ಅಂದರೆ ಏನು? ನನಗೆ ಈಜು ಅಷ್ಟಾಗಿ ಬರಲ್ಲ.

ರೋಸೊದಿಂದ ದಕ್ಷಿಣಕ್ಕೆ, ಪಾಯಿಂಟ್ ಮಿಷೆಲ್ ಹತ್ತಿರ ಕಡಲ ತಳದ ಬಿರುಕುಗಳಿಂದ ಜ್ವಾಲಾಮುಖಿಯ ಅನಿಲ ಹೊರಬರುತ್ತದೆ. ನೀರೊಳಗೆ ನೋಡುವ ಗಾಜಿನ ಮಾಸ್ಕ್ ಹಾಕಿಕೊಂಡು ತಲೆ ತಗ್ಗಿಸಿದರೆ ಸಾವಿರಾರು ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಮೇಲೆ ಬರುತ್ತಿರುವುದು ಕಾಣುತ್ತದೆ, ಹೊಟ್ಟೆಗೆ, ಕೈಗೆ ತಾಗಿ ಒಡೆಯುತ್ತವೆ. ಬಿರುಕಿನ ಹತ್ತಿರ ನೀರು ಬೆಚ್ಚಗಿರುತ್ತದೆ. ಗುಳ್ಳೆಗಳ ನಡುವೆಯೇ ಮೀನುಗಳು ಆರಾಮಾಗಿ ಓಡಾಡಿಕೊಂಡಿರುತ್ತವೆ. ದಡದಿಂದ ದೂರವೇನಿಲ್ಲ. ಲೈಫ್ ಜಾಕೆಟ್ ಹಾಕಿ, ಗೈಡ್ ಜೊತೆ ಇಳಿಯಿರಿ. ದಡ ಪೂರ್ತಿ ಗುಂಡುಕಲ್ಲು, ನೀರಿನ ಚಪ್ಪಲಿ ಬೇಕು.

ಅಲ್ಲಿಂದ ಇನ್ನೂ ಕೆಳಗೆ ಸ್ಕಾಟ್ಸ್ ಹೆಡ್‌ಗೆ ಹೋಗಿ. ನೆಲ ಅಲ್ಲಿ ಸಣ್ಣ ಪಟ್ಟಿಯಾಗಿ ಕಡಲಿಗೆ ಚಾಚಿದೆ. ಒಂದು ಕಡೆ ಅಬ್ಬರಿಸುವ ಅಟ್ಲಾಂಟಿಕ್, ಇನ್ನೊಂದು ಕಡೆ ಶಾಂತವಾಗಿರುವ ಕೆರಿಬಿಯನ್ ಕಡಲು.

ಪ್ರಶ್ನೆ: ತಿಮಿಂಗಿಲದ ಜೊತೆ ಈಜಬಹುದು ಅಂತ ವಿಡಿಯೋದಲ್ಲಿ ನೋಡಿದೆ. ಹೌದಾ?

ಸರ್ಕಾರದ ಪರವಾನಗಿ ಇರುವವರ ಜೊತೆ ಮಾತ್ರ. ನನ್ನನ್ನು ಕೇಳಿದರೆ ದೋಣಿಯಿಂದ ನೋಡುವುದೇ ಸಾಕು, ನೋಡಿದ ಮೇಲೆ ನಿಮಗೂ ಹಾಗೇ ಅನ್ನಿಸಬಹುದು. ಇಲ್ಲಿರುವುದು ಸ್ಪರ್ಮ್ ವೇಲ್, ಹಲ್ಲಿರುವ ತಿಮಿಂಗಿಲಗಳಲ್ಲೇ ಅತಿ ದೊಡ್ಡದು. ಬೇರೆ ಎಷ್ಟೋ ಕಡೆ ಇವನ್ನು ನೋಡಬೇಕಾದರೆ ನಡುಗಡಲಿಗೆ ಹೋಗಬೇಕಾಗುತ್ತದೆ. ಡೊಮಿನಿಕಾದ ಪಶ್ಚಿಮ ತೀರದಲ್ಲಿ ಬೆಟ್ಟದ ಇಳಿಜಾರು ನೀರಿನೊಳಗೂ ಹಾಗೇ ಮುಂದುವರಿದು ದಡದ ಹತ್ತಿರವೇ ಆಳ ಸಿಗುತ್ತದೆ, ಮೇಲಿನ ಬೆಟ್ಟ ಗಾಳಿಯನ್ನೂ ತಡೆಯುತ್ತದೆ. ಹಾಗಾಗಿ ತಾಯಂದಿರು, ಮರಿಗಳು, ಅಜ್ಜಿಯರು ಒಂದೇ ಕುಟುಂಬವಾಗಿ ವರ್ಷಪೂರ್ತಿ ಈ ಸುತ್ತಲೇ ಇರುತ್ತವೆ. ಟಕ್ ಟಕ್ ಎಂಬ ಸದ್ದುಗಳನ್ನು ಒಂದು ಲಯದಲ್ಲಿ ಹೊರಡಿಸಿ ಪರಸ್ಪರ ಗುರುತು ಹಿಡಿಯುತ್ತವೆ, ಆ ಲಯ ಬೇರೆ ಕಡಲಿನ ಗುಂಪುಗಳ ಲಯಕ್ಕಿಂತ ಬೇರೆ. ದೋಣಿಯವರು ನೀರಿಗೆ ಮೈಕ್ ಇಳಿಸಿ ಆ ಸದ್ದು ಕೇಳಿಯೇ ಎತ್ತ ಹೋಗಬೇಕು ಅಂತ ತೀರ್ಮಾನಿಸುತ್ತಾರೆ. ನಿಮಗೂ ಕೇಳೋಕೆ ಕೊಡಿ ಅನ್ನಿ, ಕೊಡುತ್ತಾರೆ.

2023ರ ನವೆಂಬರ್‌ನಲ್ಲಿ ಸರ್ಕಾರ ಇವುಗಳಿಗಾಗಿಯೇ ಸುಮಾರು 800 ಚದರ ಕಿಲೋಮೀಟರ್ ಕಡಲನ್ನು ರಕ್ಷಿತ ಪ್ರದೇಶ ಅಂತ ಘೋಷಿಸಿತು. ದೇಶದ ನೆಲಕ್ಕಿಂತ ದೊಡ್ಡ ಜಾಗ! ಹಡಗು ಗುದ್ದಿ, ಬಲೆಗೆ ಸಿಕ್ಕಿ ಮರಿಗಳು ಸಾಯುತ್ತಿದ್ದವು, ಆದ್ದರಿಂದ ಇದು ಆಗಲೇಬೇಕಿತ್ತು.

ಪ್ರಶ್ನೆ: ಅಲ್ಲಿ ಮೂಲನಿವಾಸಿಗಳ ಊರಿದೆಯಂತೆ. ನಾವು ಹೋದರೆ ಅವರಿಗೆ ಇರಿಸುಮುರುಸಾಗಲ್ವಾ?

ಈ ಪ್ರಶ್ನೆ ಕೇಳಿದ್ದಕ್ಕೆ ಸಂತೋಷ. ಪೂರ್ವ ತೀರದಲ್ಲಿ 1903ರಲ್ಲಿ ಕಲಿನಾಗೊ ಜನರಿಗಾಗಿ 3,700 ಎಕರೆ ಬಿಟ್ಟುಕೊಟ್ಟರು, ಇವತ್ತಿಗೂ ಆ ನೆಲ ಇಡೀ ಸಮುದಾಯದ್ದು, ಒಬ್ಬೊಬ್ಬರು ಮಾರೋಕಾಗಲ್ಲ. ಯುರೋಪಿನವರು ಬರುವ ಮುಂಚಿನಿಂದ ಇಲ್ಲಿರುವ ಜನ ಇವರು. 2023ರಲ್ಲಿ ದೇಶದ ಅಧ್ಯಕ್ಷರಾದ ಸಿಲ್ವೇನಿ ಬರ್ಟನ್ ಇದೇ ಸಮುದಾಯದವರು, ಆ ಹುದ್ದೆಗೆ ಬಂದ ಮೊದಲ ಕಲಿನಾಗೊ. ಕಲಿನಾಗೊ ಜನರೇ ನಡೆಸುವ ಬರಾನಾ ಔಟೆ ಎಂಬ ಮಾದರಿ ಹಳ್ಳಿ ಇದೆ, ಅಲ್ಲಿ ಊರಿನವರೇ ಎಲ್ಲ ತೋರಿಸುತ್ತಾರೆ. ಬುಟ್ಟಿ ಹೆಣೆಯುವುದು, ಮರಗೆಣಸು ತುರಿದು ರೊಟ್ಟಿ ಸುಡುವುದು, ಒಂದೇ ಮರ ಕೊರೆದು ದೋಣಿ ಮಾಡುವುದು. ಬುಟ್ಟಿ ಕೊಳ್ಳುವುದಾದರೆ ಹೆಣೆದವರಿಂದಲೇ ಕೊಳ್ಳಿ, ಸುಮ್ನೆ ಚೌಕಾಸಿ ಮಾಡಬೇಡಿ. ಫೋಟೋ ತೆಗೆಯುವ ಮುಂಚೆ ಕೇಳಿ. ಹಾಗೆ ಹೋದರೆ ಯಾರಿಗೂ ಇರಿಸುಮುರುಸಾಗಲ್ಲ.

ಪ್ರಶ್ನೆ: ಯಾವಾಗ ಹೋಗೋದು? ಚಂಡಮಾರುತದ ಭಯ ಇದೆ.

ಫೆಬ್ರವರಿಯಿಂದ ಮೇ ಒಳ್ಳೆಯದು, ಮಳೆ ಕಮ್ಮಿ. ಚಂಡಮಾರುತದ ಕಾಲ ಜೂನ್‌ನಿಂದ ನವೆಂಬರ್. 2017ರ ಸೆಪ್ಟೆಂಬರ್ 18ರಂದು ಮರಿಯಾ ಚಂಡಮಾರುತ ಅತಿ ಹೆಚ್ಚಿನದಾದ ಐದನೇ ದರ್ಜೆಯ ಬಲದಲ್ಲಿ ಈ ದ್ವೀಪಕ್ಕೇ ಬಡಿಯಿತು. ಬಹುಪಾಲು ಮನೆಗಳ ಸೂರು ಹಾರಿತ್ತು, ಬೆಟ್ಟಗಳಲ್ಲಿ ಒಂದೆಲೆಯೂ ಉಳಿದಿರಲಿಲ್ಲ. ಬಾವುಟದಲ್ಲಿರುವ ಸಿಸೆರೂ ಗಿಣಿ ಇರುವುದು ಈ ದ್ವೀಪದಲ್ಲಿ ಮಾತ್ರ, ಅದರ ಸಂಖ್ಯೆ ತೀರಾ ಇಳಿಯಿತು. ಕಾಡು ಮತ್ತೆ ಹಸಿರಾಗಿದೆ, ಗಿಣಿ ಇನ್ನೂ ಚೇತರಿಸಿಕೊಳ್ಳಬೇಕು. ಸಿಂಡಿಕೇಟ್ ಕಾಡಿನಲ್ಲಿ ಬೆಳಗಿನ ಜಾವ ಕಾದು ಕುಳಿತು ಅದರದೇ ದಾಯಾದಿ ಜಾಕೊ ಗಿಣಿ ಕಂಡರೂ ಪುಣ್ಯ.

ಪ್ರಶ್ನೆ: ಹಾವು?

ವಿಷದ ಹಾವಿಲ್ಲ. ಬೋವಾ ಎಂಬ ದೊಡ್ಡ ಹಾವಿದೆ, ಅದರ ಪಾಡಿಗೆ ಅದನ್ನು ಬಿಟ್ಟರೆ ಏನೂ ಮಾಡಲ್ಲ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟ ಸಿಗುತ್ತಾ?

ಸಿಗುತ್ತದೆ, ಆದರೆ ಕೇಳಿ ತಗೊಳ್ಳಿ. ಕೆಸುವಿನ ಗೆಡ್ಡೆ, ದೀವಿಹಲಸು, ಬಾಳೆಕಾಯಿ, ಗೆಣಸು ಎಲ್ಲ ಬೇಯಿಸಿ ಬಡಿಸುವುದು ಅಲ್ಲಿನ ನಿತ್ಯದ ಊಟ. ಕೆಸುವಿನ ಎಲೆಯ ಕಲಾಲೂ ಸಾರು ತುಂಬಾ ರುಚಿ, ಆದರೆ ಅದಕ್ಕೆ ಏಡಿ ಹಾಕಿರಬಹುದು, ವಿಚಾರಿಸಿ. ಐಟಲ್ ಅಂತ ಬೋರ್ಡ್ ಕಂಡರೆ ಅದು ರಾಸ್ತಫಾರಿ ಎಂಬ ಪಂಥದವರ ಅಡುಗೆ, ಮಾಂಸ ಇರಲ್ಲ.

ಪ್ರಶ್ನೆ: ದುಡ್ಡು, ಓಡಾಟ, ವೀಸಾ, ಇನ್ನೇನಾದರೂ ಎಚ್ಚರ?

ಅಲ್ಲಿನ ಹಣ ಪೂರ್ವ ಕೆರಿಬಿಯನ್ ಡಾಲರ್, ಒಂದು ಅಮೆರಿಕನ್ ಡಾಲರಿಗೆ 2.70, ಈ ದರ ಬದಲಾಗಲ್ಲ. ಮಿನಿ ಬಸ್ಸುಗಳಿವೆ, ಸಂಜೆಯ ಮೇಲೆ ಮತ್ತು ಭಾನುವಾರ ಕಮ್ಮಿ. ರಸ್ತೆಗಳು ತಿರುವು ಜಾಸ್ತಿ, ನಕ್ಷೆಯಲ್ಲಿ ಹತ್ತಿರ ಕಂಡದ್ದಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಎರಡು ದಿನಕ್ಕೆ ಹೋಗಬೇಡಿ, ಒಂದು ವಾರವಾದರೂ ಇಡಿ, ಅರ್ಧ ದಿನ ದಕ್ಷಿಣದಲ್ಲಿ, ಅರ್ಧ ದಿನ ಉತ್ತರದಲ್ಲಿ ಅಂತ ಓಡಾಡದೆ ಎರಡು ಕಡೆ ಬೇರೆ ಬೇರೆ ತಂಗಿ.

ಮಯಾಮಿ ಮೂಲಕ ಹೋದರೆ ವಿಮಾನ ಬದಲಾಯಿಸೋಕೂ ಅಮೆರಿಕದ ವೀಸಾ ಬೇಕು. ಗ್ವಾಡೆಲೂಪ್, ಮಾರ್ಟಿನಿಕ್‌ನಿಂದ ದೊಡ್ಡ ದೋಣಿಯಲ್ಲಿ ಬರಬಹುದು, ಆದರೆ ಅವು ಫ್ರಾನ್ಸ್‌ಗೆ ಸೇರಿದವು, ಅಲ್ಲಿಗೆ ಫ್ರಾನ್ಸಿನ ನಿಯಮ. ಇದನ್ನೆಲ್ಲ ನೋಡಿಕೊಂಡೇ ಟಿಕೆಟ್ ತಗೊಳ್ಳಿ. ಇನ್ನೊಂದು, ಸೈನಿಕರ ಉಡುಪಿನ ಮಾದರಿಯ ಹಸಿರು-ಕಂದು ಚುಕ್ಕೆಯ ಬಟ್ಟೆ, ಟೋಪಿ, ಬ್ಯಾಗು ಏನೂ ಒಯ್ಯಬೇಡಿ. ಅಲ್ಲಿ ಸಾಮಾನ್ಯ ಜನ ಅದನ್ನು ಹಾಕುವುದು ಕಾನೂನಿಗೆ ವಿರುದ್ಧ, ಮಕ್ಕಳ ಬಟ್ಟೆಯಲ್ಲೂ ನೋಡಿಕೊಳ್ಳಿ.