ಸಂಪಾದಕರ ಉತ್ತರ: ಮತ್ತೆ ಮತ್ತೆ ಓಡಿಹೋಗುವ ಮಕ್ಕಳ ಬಗ್ಗೆ

ಮಾನ್ಯರೇ,

ಬೀದಿ ಮಕ್ಕಳ ಮಾದಕ ವ್ಯಸನವನ್ನು ಕುರಿತು ನಾವು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ ಲೇಖನಕ್ಕೆ ತಾವು ಅರಸೀಕೆರೆಯಿಂದ ಬರೆದ ಪ್ರತಿಕ್ರಿಯೆ ತಲುಪಿದೆ. ಚಟ ಬಿಡಿಸಲೆಂದು ಕ್ರೈಸ್ತ ಮಿಷನರಿಗಳು ಬೀದಿಯಿಂದ ತಮ್ಮ ಆಸರೆಗೆ ಕರೆತಂದ ಹುಡುಗರಲ್ಲಿ ಅನೇಕರು ವಾರ ಕಳೆಯುವುದರೊಳಗೆ ರೈಲು ನಿಲ್ದಾಣಕ್ಕೇ ಓಡಿಹೋಗುವುದರಿಂದ ಈ ಶ್ರಮವೆಲ್ಲ ವ್ಯರ್ಥವೆಂಬುದು ತಮ್ಮ ಮೊದಲ ಆಕ್ಷೇಪ. ಸೇವೆಯ ಹಿಂದೆ ಮತಾಂತರದ ಉದ್ದೇಶವಿದೆಯೆಂಬುದು ಎರಡನೆಯದು.

ಮೊದಲನೆಯದಕ್ಕೆ ಉತ್ತರ ಆ ವ್ಯಸನದ ಸ್ವರೂಪದಲ್ಲೇ ಇದೆ. ಈ ಮಕ್ಕಳ ಕೈಗೆ ಸುಲಭವಾಗಿ ಸಿಗುವುದು ಪಂಕ್ಚರ್ ಅಂಗಡಿಯ ಸೊಲ್ಯೂಷನ್, ವೈಟ್ನರ್, ಥಿನ್ನರ್. ಬಟ್ಟೆಯ ಚೂರಿಗೆ ಹಾಕಿ ಮೂಗಿಗೆ ಹಿಡಿದರೆ ಅದರ ಆವಿ ಬಹುಬೇಗ ಮಿದುಳನ್ನು ಮುಟ್ಟಿ ಹಸಿವು, ಚಳಿ, ಹೆದರಿಕೆಗಳನ್ನು ಮರೆಸುತ್ತದೆ. ಅಷ್ಟೇ ಬೇಗ ಅಮಲು ಇಳಿದು ಮತ್ತೆ ಬೇಕೆನಿಸುತ್ತದೆ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಿನ ಪ್ರಮಾಣದಲ್ಲಿ ಕಂಡುಬಂದ ಅಮಲು ಇದೊಂದೇ: ದೊಡ್ಡವರಲ್ಲಿ ಶೇ. 0.58, ಮಕ್ಕಳಲ್ಲಿ ಶೇ. 1.17. ಚಿಕಿತ್ಸೆಯ ನೆರವು ಬೇಕಾದ ಮಕ್ಕಳೇ ಸುಮಾರು 4.6 ಲಕ್ಷ. ಹೆರಾಯಿನ್ ಚಟಕ್ಕೆ ಅದರ ಬದಲಿಗೆ ಕೊಡಬಲ್ಲ ಬ್ಯುಪ್ರೆನಾರ್ಫಿನ್‌ನಂಥ ಔಷಧಿಗಳಿವೆ. ಆವಿ ಸೇದುವ ಚಟಕ್ಕೆ ಅಂಥದ್ದಿಲ್ಲ. ಊಟ, ನಿದ್ದೆ, ಆಪ್ತ ಸಮಾಲೋಚನೆ, ಕಲಿಯಲೊಂದು ಕೆಲಸ, ಜೊತೆಗೆ ತನ್ನನ್ನು ಬಿಟ್ಟುಹೋಗದ ಒಬ್ಬ ಹಿರಿಯ ಜೀವ, ಇವೇ ಚಿಕಿತ್ಸೆಯ ಬಹುಪಾಲು. ಇವು ವಾರದಲ್ಲಿ ಫಲಿಸುವಂಥವಲ್ಲ. ಮರಳಿ ಚಟಕ್ಕೆ ಬೀಳುವುದು ರೋಗದ ಲಕ್ಷಣವೇ ಹೊರತು ಮಗುವಿನ ಕೃತಘ್ನತೆಯಲ್ಲ. ಆದ್ದರಿಂದ ಓಡಿಹೋದವರನ್ನು ಎಣಿಸಿ ಒಂದು ಸಂಸ್ಥೆಯನ್ನು ಅಳೆಯುವ ಬದಲು, ಓಡಿಹೋದವನು ಮೂರನೆಯ ಸಲ ಬಂದಾಗ ಬೈಯದೆ ಅನ್ನ ಹಾಕಿದರೇ ಎಂದು ಕೇಳುವುದು ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ.

ಬೆಂಗಳೂರಿನಲ್ಲಿ 1980ರಲ್ಲಿ ಸಲೇಷಿಯನ್ ಎಂಬ ಕ್ಯಾಥೊಲಿಕ್ ಧರ್ಮಸಭೆಯವರು ಆರಂಭಿಸಿದ ಬಾಸ್ಕೋ, ಅಂದರೆ ಬೆಂಗಳೂರು ಓಣಿಯವರ ಸೇವಾ ಕೂಟ, ಈ ದೃಷ್ಟಿಯಿಂದ ಗಮನಾರ್ಹವಾದುದು. ಮಕ್ಕಳನ್ನು ಹಿಡಿದು ತಂದು ಕೂಡಿಹಾಕುವುದಕ್ಕಿಂತ, ಅವರಿರುವ ಬಸ್ ನಿಲ್ದಾಣ, ರೈಲು ನಿಲ್ದಾಣ, ಮಾರುಕಟ್ಟೆಗಳಿಗೇ ಹೋಗಿ ಮೊದಲು ಪರಿಚಯ ಬೆಳೆಸುವುದು ಅದರ ಕೆಲಸದ ರೀತಿ. ಈ ಸಭೆಯ ಸ್ಥಾಪಕರಾದ ಡಾನ್ ಬಾಸ್ಕೋ 19ನೆಯ ಶತಮಾನದಲ್ಲಿ ಇಟಲಿಯ ಟ್ಯೂರಿನ್ ನಗರದ ಸೆರೆಮನೆಗಳಲ್ಲಿ ಎಳೆಯ ಹುಡುಗರನ್ನು ಕಂಡು, ಶಿಕ್ಷೆಗೆ ಮುಂಚೆಯೇ ಅವರ ಬಳಿ ತಲುಪಬೇಕೆಂದು ಹೊರಟವರು. ವಿವೇಕ, ಧರ್ಮ, ವಾತ್ಸಲ್ಯ ಎಂಬ ಮೂರನ್ನು ತಮ್ಮ ಶಿಕ್ಷಣ ಪದ್ಧತಿಯ ಆಧಾರವೆಂದು ಅವರೇ ಹೇಳಿದ್ದರು.

ಆ ಮೂರರಲ್ಲಿ ಧರ್ಮವೂ ಒಂದಾಗಿರುವುದರಿಂದ ತಮ್ಮ ಎರಡನೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಮಲಿನಿಂದ ಆಗಷ್ಟೇ ಹೊರಬರುತ್ತಿರುವ, ಊಟಕ್ಕೂ ಆಸರೆಗೂ ಮತ್ತೊಬ್ಬರನ್ನೇ ನಂಬಿರುವ ಮಗುವಿನ ಒಪ್ಪಿಗೆಯನ್ನು ಸ್ವತಂತ್ರವಾದ ಒಪ್ಪಿಗೆಯೆಂದು ಕರೆಯಲಾಗದು. ಅಂಥ ಮಗುವಿನ ಮತವನ್ನು ಬದಲಿಸಲು ಯಾರು ಹೊರಟರೂ, ಅವರು ಯಾವ ಧರ್ಮದವರಾದರೂ, ಅದು ತಪ್ಪು. 2015ರ ಬಾಲನ್ಯಾಯ ಕಾಯ್ದೆಯಂತೆ ಇಂಥ ಮಗುವನ್ನು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ತೀರ್ಮಾನಿಸುವ ಅಧಿಕಾರ ಸಮಿತಿಯದು, ಸಂಸ್ಥೆಯದಲ್ಲ. ಒತ್ತಾಯ ನಡೆದದ್ದು ತಮಗೆ ತಿಳಿದಿದ್ದರೆ ದೂರು ಸಲ್ಲಬೇಕಾದದ್ದೂ ಅಲ್ಲಿಗೇ. ಆದರೆ ತಮ್ಮ ಪತ್ರದಲ್ಲಿ ಅಂಥ ಒಂದು ನಿದರ್ಶನವೂ ಇಲ್ಲ. ನಂಬಿಕೆಯಿಂದ ಪ್ರೇರಿತರಾದವರೆಂಬ ಒಂದೇ ಕಾರಣಕ್ಕೆ ಅವರನ್ನು ಶಂಕಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಪ್ರಾರ್ಥನೆ ವೈದ್ಯರಿಗೆ ಬದಲಿಯಲ್ಲವೆಂಬ ತಮ್ಮ ಮಾತನ್ನು ಮಾತ್ರ ಪೂರ್ಣವಾಗಿ ಒಪ್ಪುತ್ತೇನೆ. ದ್ರಾವಕದ ಆವಿ ಹೃದಯದ ಬಡಿತವನ್ನೇ ಕೆಡಿಸಿ ಹಠಾತ್ ಸಾವು ತರಬಲ್ಲದು. ತಮ್ಮ ಊರಿನ ನಿಲ್ದಾಣದಲ್ಲಿ ಬಟ್ಟೆ ಮೂಸುತ್ತಿರುವ ಮಗು ಕಂಡರೆ ಗದರಿಸಿ ಅಟ್ಟಬೇಡಿ; ಗಾಬರಿಯಿಂದ ಓಡುವುದೂ ಆ ಸ್ಥಿತಿಯಲ್ಲಿ ಅಪಾಯ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ನೆರವಿನವರು ಬರುವವರೆಗೆ ಅಲ್ಲೇ ಇರಿ.

— ಸಂಪಾದಕ